ನಡಾವಳಿ ಪುಸ್ತಕದಲ್ಲಿ ಕಾಣದ ಪ್ರಶ್ನೆಗಳು

ಮಾನ್ಯ ಸಂಪಾದಕರೇ,

ಕಂಪನಿಗಳ ಉತ್ತಮ ಆಡಳಿತವನ್ನು ಕುರಿತು ನಿಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ನಿರ್ದೇಶಕ ಮಂಡಳಿಯ ರಚನೆ, ಸ್ವತಂತ್ರ ನಿರ್ದೇಶಕರ (ಕಂಪನಿಯೊಡನೆ ಸ್ವಂತ ವ್ಯವಹಾರವಿಲ್ಲದ ಹೊರಗಿನ ನಿರ್ದೇಶಕರ) ಸಂಖ್ಯೆ, ಸಮಿತಿಗಳು, ನೀತಿಸಂಹಿತೆ ಇವುಗಳನ್ನೆಲ್ಲ ಲೇಖಕರು ಕ್ರಮವಾಗಿ ವಿವರಿಸಿದ್ದಾರೆ. ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಆದರೆ ಇದೆಲ್ಲ ಷೇರುಪೇಟೆಗೆ ಬಂದ ದೊಡ್ಡ ಕಂಪನಿಗಳ ಚಿಂತೆ, ಸಣ್ಣ ಉದ್ದಿಮೆಯವರು ಬೆಳೆದ ಮೇಲೆ ನೋಡಿಕೊಂಡರಾಯಿತು ಎಂದು ಅವರು ಕೊನೆಯಲ್ಲಿ ಆಡಿದ ಮಾತು, ಕಂಪನಿ ಕಾರ್ಯದರ್ಶಿಯಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಸಭೆಗಳ ನಡಾವಳಿ ಬರೆದು ನಿವೃತ್ತನಾದ ನನಗೆ ಒಪ್ಪಿಗೆಯಾಗಲಿಲ್ಲ. ಆಡಳಿತದ ಶಿಸ್ತು ಮಂಡಳಿಯ ರಚನೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಸಭೆಯಲ್ಲಿ ಕೇಳಿದ ಪ್ರಶ್ನೆ ಕಾಗದದ ಮೇಲೆ ಉಳಿಯುತ್ತದೆಯೇ, ಅದಕ್ಕೆ ಉತ್ತರ ಬರುವವರೆಗೆ ಯಾರಾದರೂ ಬೆನ್ನುಹತ್ತುತ್ತಾರೆಯೇ ಎಂಬುದರಲ್ಲಿ ಇದೆ ಎಂಬುದು ನನ್ನ ಅನುಭವ. ಆ ಅಭ್ಯಾಸ ಕಂಪನಿ ಚಿಕ್ಕದಿದ್ದಾಗ ಬಾರದಿದ್ದರೆ ಬೆಳೆದ ಮೇಲೆ ಬರುವುದು ಬಹಳ ಕಷ್ಟ.

ಕಾರ್ಪೊರೇಟ್ ಆಡಳಿತ ಎಂಬ ಮಾತಿಗೆ ಇಂದು ನಾವು ಕೊಡುವ ಅರ್ಥ ಬಹುಮಟ್ಟಿಗೆ 1992ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಕ್ಯಾಡ್‌ಬರಿ ಸಮಿತಿಯ ವರದಿಯಿಂದ ಬಂದದ್ದು. 1991ರಲ್ಲಿ ಸಮಿತಿ ಕೆಲಸ ಆರಂಭಿಸಿದ ಮೇಲೆ, ಅದೇ ವರ್ಷದಲ್ಲಿ, ಬಿಸಿಸಿಐ ಎಂಬ ಅಂತರರಾಷ್ಟ್ರೀಯ ಬ್ಯಾಂಕು ಮುಚ್ಚಿತು. ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ತೀರಿಕೊಂಡ ಬಳಿಕ ಅವರ ಕಂಪನಿಗಳ ನೌಕರರ ಪಿಂಚಣಿ ನಿಧಿಯೇ ಬರಿದಾಗಿದ್ದುದು ಹೊರಬಿತ್ತು. ಕಂಪನಿಯನ್ನು ನಡೆಸುವ ಮತ್ತು ಹತೋಟಿಯಲ್ಲಿಡುವ ವ್ಯವಸ್ಥೆಯೇ ಕಾರ್ಪೊರೇಟ್ ಆಡಳಿತ ಎಂದು ಸರ್ ಏಡ್ರಿಯನ್ ಕ್ಯಾಡ್‌ಬರಿ ಅವರ ಅಧ್ಯಕ್ಷತೆಯ ಆ ಸಮಿತಿ ಚಿಕ್ಕದಾಗಿ ಹೇಳಿತು. ಒಬ್ಬರ ಕೈಯಲ್ಲಿ ಕಡಿವಾಣವಿಲ್ಲದ ಅಧಿಕಾರ ಸೇರದಂತೆ ಮಂಡಳಿಯ ಅಧ್ಯಕ್ಷರ ಹೊಣೆಯನ್ನೂ ಮುಖ್ಯ ಕಾರ್ಯನಿರ್ವಾಹಕರ ಹೊಣೆಯನ್ನೂ ಬೇರೆಬೇರೆಯಾಗಿ ಗುರುತಿಸಬೇಕು, ದೈನಂದಿನ ಆಡಳಿತದಲ್ಲಿ ಇಲ್ಲದ ಕನಿಷ್ಠ ಮೂವರು ನಿರ್ದೇಶಕರ ಲೆಕ್ಕಪರಿಶೋಧನಾ ಸಮಿತಿ ಇರಬೇಕು, ಈ ಸೂತ್ರಗಳಲ್ಲಿ ಯಾವುದನ್ನಾದರೂ ಪಾಲಿಸದಿದ್ದರೆ ಏಕೆಂದು ಷೇರುದಾರರಿಗೆ ವಿವರಿಸಬೇಕು ಎಂಬುವು ಅದರ ಮುಖ್ಯ ಶಿಫಾರಸುಗಳು. ಇದೇ ವಿಷಯವಾಗಿ 1994ರಲ್ಲಿ ದಕ್ಷಿಣ ಆಫ್ರಿಕದ ಕಿಂಗ್ ವರದಿ, 1999ರಲ್ಲಿ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಸೂತ್ರಗಳು ಬಂದವು. ಒಇಸಿಡಿ ಸೂತ್ರಗಳು 2023ರಲ್ಲಿ ಮತ್ತೊಮ್ಮೆ ಪರಿಷ್ಕೃತಗೊಂಡವು. ಮೂವತ್ತು ವರ್ಷಗಳಲ್ಲಿ ನಿಯಮಗಳಿಗೆ ಬರ ಬಂದಿಲ್ಲ ಎಂಬುದಕ್ಕಾಗಿ ಇಷ್ಟು ಹೇಳಿದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಖಾಸಗಿ ಕಂಪನಿಯಲ್ಲಿ ಸಭೆಯ ನಡಾವಳಿಯನ್ನು ಸಭೆಗೆ ಮೊದಲೇ ಟೈಪು ಮಾಡಿಡುವ ರೂಢಿ ಇತ್ತು. ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಸಾಲು ಕಾರ್ಯಸೂಚಿಯ ಪ್ರತಿ ವಿಷಯದ ಕೆಳಗೂ ಸಿದ್ಧವಾಗಿರುತ್ತಿತ್ತು. ಒಂದು ದಿನ ಹೊರಗಿನಿಂದ ಬಂದ ನಿರ್ದೇಶಕರೊಬ್ಬರು, ಗೋದಾಮಿನ ಬಾಡಿಗೆ ಒಂದೇ ವರ್ಷದಲ್ಲಿ ಅಷ್ಟು ಏರಲು ಕಾರಣವೇನು, ಆ ಗೋದಾಮು ಯಾರದು ಎಂದು ಕೇಳಿದರು. ವ್ಯವಸ್ಥಾಪಕ ನಿರ್ದೇಶಕರು ನಕ್ಕು, ‘ಸಭೆ ಮುಗಿಯಲಿ, ಆಮೇಲೆ ಹೇಳುತ್ತೇನೆ’ ಎಂದರು. ಆಮೇಲೆ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ; ಪ್ರಶ್ನೆಯನ್ನಂತೂ ನಾನು ನಡಾವಳಿಯಲ್ಲಿ ಬರೆಯಲಿಲ್ಲ, ಟೈಪಾಗಿದ್ದ ಹಾಳೆಗೆ ಸಹಿ ಮಾಡಿಸಿಕೊಂಡೆ. ಎರಡು ವರ್ಷದ ನಂತರ ಆ ಗೋದಾಮು ವ್ಯವಸ್ಥಾಪಕ ನಿರ್ದೇಶಕರ ಭಾವಮೈದುನನದೆಂದು ಸಾಲ ಕೊಟ್ಟ ಬ್ಯಾಂಕಿಗೆ ತಿಳಿದು ವಿಚಾರಣೆ ಆರಂಭವಾದಾಗ, ನೀವೇಕೆ ಕೇಳಲಿಲ್ಲ ಎಂಬ ಮಾತನ್ನು ಎದುರಿಸಬೇಕಾದವರು ಅಂದು ಕೇಳಿದ್ದ ಆ ನಿರ್ದೇಶಕರೇ. ಅವರು ಕೇಳಿದ್ದಕ್ಕೆ ಇದ್ದ ಸಾಕ್ಷಿ ನಾನು. ಆ ಸಾಕ್ಷಿಯನ್ನು ಅಳಿಸಿದವನೂ ನಾನೇ. ಅದು ದೊಡ್ಡ ಹಗರಣವೇನಲ್ಲ, ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆದರೂ ಮುಂದೆ ದೊಡ್ಡ ಹಗರಣಗಳ ಬಗ್ಗೆ ಓದಿದಾಗಲೆಲ್ಲ ಆ ಹಾಳೆ ನೆನಪಾಗುತ್ತದೆ.

ಅಮೆರಿಕದಲ್ಲಿ ಇಂಧನ ವ್ಯಾಪಾರ ಮಾಡುತ್ತಿದ್ದ ಎನ್ರಾನ್ ಕಂಪನಿಯನ್ನೇ ನೋಡಿ. 2001ರ ಡಿಸೆಂಬರ್‌ನಲ್ಲಿ ಅದು ದಿವಾಳಿಯಾದಾಗ ಅದಕ್ಕೆ ಅರವತ್ತಕ್ಕೂ ಹೆಚ್ಚು ಪುಟಗಳ ನೀತಿಸಂಹಿತೆ ಇತ್ತು, ಲೆಕ್ಕಪರಿಶೋಧನಾ ಸಮಿತಿಯ ನೇತೃತ್ವದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಕಲಿಸಿದ್ದ ಪ್ರಾಧ್ಯಾಪಕರು ಇದ್ದರು. ಪಟ್ಟಿ ಹಿಡಿದು ಗುರುತು ಹಾಕುವವರಿಗೆ ಕೊರತೆ ಕಾಣುವಂತಿರಲಿಲ್ಲ. ಆದರೆ 1999ರಲ್ಲಿ ಅದೇ ಮಂಡಳಿ, ಕಂಪನಿಯ ಮುಖ್ಯ ಹಣಕಾಸು ಅಧಿಕಾರಿಯಾಗಿದ್ದ ಆಂಡ್ರ್ಯೂ ಫ್ಯಾಸ್ಟೋ ತಾನೇ ನಡೆಸುವ ಪಾಲುದಾರಿಕೆ ಸಂಸ್ಥೆಗಳು ಎನ್ರಾನ್ ಜೊತೆ ವ್ಯಾಪಾರ ಮಾಡಲು ಅನುವಾಗುವಂತೆ ಹಿತಾಸಕ್ತಿ ಸಂಘರ್ಷದ ನಿಯಮಕ್ಕೆ ವಿನಾಯಿತಿ ಕೊಟ್ಟಿತು. ಕೊಳ್ಳುವ ಕಡೆಯೂ ಮಾರುವ ಕಡೆಯೂ ಒಬ್ಬನೇ ಕೂರಲು ಒಪ್ಪಿಗೆ ಸಿಕ್ಕಿತು. ಇದನ್ನು ಕದ್ದುಮುಚ್ಚಿ ಮಾಡಲಿಲ್ಲ, ಮಂಡಳಿಯ ಮುಂದೆಯೇ ಮಾಡಿದರು; ಕಾವಲಿಗೆ ಕೆಲವು ಷರತ್ತುಗಳನ್ನೂ ಹಾಕಿದರು. ಆ ಷರತ್ತುಗಳು ಪಾಲನೆಯಾಗುತ್ತಿವೆಯೇ ಎಂದು ನೋಡುವ ಕೆಲಸ ಮಾತ್ರ ಹೆಸರಿಗಷ್ಟೇ ನಡೆಯಿತು. ವಿನಾಯಿತಿ ಕೊಟ್ಟ ದಿನವೇ, ಮುಂದಿನ ಸಭೆಯಲ್ಲಿ ಇದರ ಲೆಕ್ಕವನ್ನು ಯಾರು ಒಪ್ಪಿಸಬೇಕು ಎಂದು ಒಂದು ಸಾಲು ಬರೆದು, ಆ ಸಾಲನ್ನು ಪ್ರತಿ ಸಭೆಯಲ್ಲೂ ಓದಿ ಉತ್ತರ ಕೇಳಿದ್ದರೆ ಆ ಕಾವಲು ಅಷ್ಟು ಬೇಗ ಸಡಿಲವಾಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಅದೇ ಕಂಪನಿಯಿಂದ ಲೆಕ್ಕಪರಿಶೋಧನಾ ಸಂಸ್ಥೆ ಆರ್ಥರ್ ಆಂಡರ್ಸನ್ 2000ನೇ ವರ್ಷದಲ್ಲಿ ಪರಿಶೋಧನೆಗೆಂದು ಸುಮಾರು 2.5 ಕೋಟಿ ಡಾಲರ್ ಪಡೆದರೆ, ಸಲಹೆ ಮುಂತಾದ ಇತರ ಸೇವೆಗಳಿಗೆಂದು ಸುಮಾರು 2.7 ಕೋಟಿ ಡಾಲರ್ ಪಡೆಯಿತು. ಒಂದು ಕೈಯಿಂದ ಸಲಹೆ ಕೊಟ್ಟವರು ಇನ್ನೊಂದು ಕೈಯಿಂದ ಅದರಲ್ಲೇ ತಪ್ಪು ಹುಡುಕಬೇಕಾದ ಸ್ಥಿತಿ ಅದು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. 2003ರ ಡಿಸೆಂಬರ್‌ನಲ್ಲಿ ಇಟಲಿಯ ಹಾಲಿನ ಉತ್ಪನ್ನಗಳ ಕಂಪನಿ ಪರ್ಮಲಾಟ್ ಕುಸಿದಾಗ, ಅಮೆರಿಕದ ಬ್ಯಾಂಕೊಂದರಲ್ಲಿ ಅದರ ಅಂಗಸಂಸ್ಥೆಯ ಹೆಸರಿನಲ್ಲಿ ಇದೆ ಎನ್ನಲಾದ 395 ಕೋಟಿ ಯೂರೋ ಇರಲೇ ಇಲ್ಲವೆಂದೂ ಬ್ಯಾಂಕಿನ ಪತ್ರ ನಕಲಿಯೆಂದೂ ತಿಳಿಯಿತು. 2009ರ ಜನವರಿ 7ರಂದು ನಮ್ಮ ದೇಶದ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷರು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಸುಳ್ಳೆಂಬ ಒಪ್ಪಿಗೆ ಇತ್ತು. 2020ರ ಜೂನ್‌ನಲ್ಲಿ ಜರ್ಮನಿಯ ಹಣ ಪಾವತಿ ಸೇವೆಯ ವೈರ್‌ಕಾರ್ಡ್ ಕಂಪನಿಯ 190 ಕೋಟಿ ಯೂರೋ ಎಲ್ಲಿದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಬಹುಶಃ ಆ ಹಣ ಇರಲೇ ಇಲ್ಲವೆಂದು ಕಂಪನಿಯೇ ಹೇಳಿ ದಿವಾಳಿ ಅರ್ಜಿ ಸಲ್ಲಿಸಿತು. ಮೂರು ದೇಶ, ಮೂರು ಬೇರೆಬೇರೆ ವ್ಯಾಪಾರ, ನಡುವೆ ಹದಿನೇಳು ವರ್ಷಗಳ ಅಂತರ. ಇಲ್ಲದ ಹಣ ಮಾತ್ರ ಪ್ರತಿ ಬಾರಿಯೂ ಬ್ಯಾಂಕಿನಲ್ಲಿದೆ ಎಂದೇ ಇತ್ತು. ಲೆಕ್ಕಪರಿಶೋಧನೆಯಲ್ಲಿ ಹೊಸದಾಗಿ ಸೇರಿದ ಹುಡುಗನಿಗೂ ಮೊದಲ ತಿಂಗಳಲ್ಲೇ ಕಲಿಸುವ ಪಾಠವೆಂದರೆ, ಬ್ಯಾಂಕಿನ ಶಿಲ್ಕನ್ನು ಬ್ಯಾಂಕಿನಿಂದಲೇ ನೇರವಾಗಿ ಕೇಳಿ ತರಿಸಿಕೊಳ್ಳಬೇಕು, ಕಂಪನಿಯವರು ತಂದುಕೊಟ್ಟ ಕಾಗದವನ್ನು ನಂಬಿ ಕೂರಬಾರದು ಎಂಬುದು. ಕಂಪನಿ ಎಷ್ಟೇ ದೊಡ್ಡದಿರಲಿ, ‘ಈ ದೃಢೀಕರಣ ಪತ್ರ ಯಾರ ಕೈಯಿಂದ ಯಾರ ಕೈಗೆ ಬಂತು?’ ಎಂದು ವರ್ಷಕ್ಕೊಮ್ಮೆ ಕೇಳಲು ಲೆಕ್ಕಪರಿಶೋಧನಾ ಸಮಿತಿಗೆ ಐದು ನಿಮಿಷ ಸಾಕು. ಸಮಿತಿಯ ಸದಸ್ಯರಿಗೆ ಲೆಕ್ಕದ ಪಾಂಡಿತ್ಯ ಇದ್ದರೆ ಒಳ್ಳೆಯದೇ. ಈ ಪ್ರಶ್ನೆಗೆ ಅದೂ ಬೇಕಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಒಲಿಂಪಸ್ ಕಂಪನಿಯ ಕಥೆ ಇದೆ. 2011ರ ಏಪ್ರಿಲ್‌ನಲ್ಲಿ ಅಧ್ಯಕ್ಷರಾದ ಮೈಕೆಲ್ ವುಡ್‌ಫರ್ಡ್, ಹಿಂದೆ ಬೇರೆ ಕಂಪನಿಯೊಂದನ್ನು ಕೊಂಡಾಗ ಸಲಹೆಗಾರರಿಗೆ ಕೊಟ್ಟ ಅಸಾಧಾರಣ ಮೊತ್ತದ ಬಗ್ಗೆ ಪತ್ರದ ಮೇಲೆ ಪತ್ರ ಬರೆದು ವಿವರಣೆ ಕೇಳಿದರು. ಅಕ್ಟೋಬರ್ 14ರಂದು ಮಂಡಳಿ ಸೇರಿ ಒಮ್ಮತದಿಂದ ಅವರನ್ನೇ ಹುದ್ದೆಯಿಂದ ಇಳಿಸಿತು. ಹಲವು ವರ್ಷಗಳ ಹೂಡಿಕೆ ನಷ್ಟವನ್ನು ಮುಚ್ಚಿಡಲು ಆ ಹಣ ಬಳಕೆಯಾಗಿತ್ತೆಂದು ಕೆಲವೇ ವಾರಗಳಲ್ಲಿ ಕಂಪನಿ ಒಪ್ಪಿಕೊಳ್ಳಬೇಕಾಯಿತು. ಆ ಸಭೆಯಲ್ಲಿ ಒಬ್ಬರಾದರೂ ಬೇರೆ ಮಾತು ಆಡಲಿಲ್ಲ ಎಂಬುದು ವಂಚನೆಗಿಂತ ಹೆಚ್ಚು ನನ್ನನ್ನು ಕಾಡುತ್ತದೆ. ಸತ್ಯಂನಲ್ಲೂ 2008ರ ಡಿಸೆಂಬರ್ 16ರಂದು, ಕಂಪನಿ ಕಟ್ಟಿದ ಪ್ರವರ್ತಕರ ಕುಟುಂಬದವರಿಗೆ ಸೇರಿದ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳುವ ಪ್ರಸ್ತಾವಕ್ಕೆ ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದ ಮಂಡಳಿಯೇ ಒಪ್ಪಿಗೆ ನೀಡಿತ್ತು. ಅದನ್ನು ಕೆಲವೇ ಗಂಟೆಗಳಲ್ಲಿ ಕೈಬಿಡಿಸಿದವರು ಹೂಡಿಕೆದಾರರು. ಮುಂದೆ 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳ ಮಂಡಳಿಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಸ್ವತಂತ್ರ ನಿರ್ದೇಶಕರು ಇರಬೇಕೆಂದು ವಿಧಿಸಿ, ಅವರ ಕರ್ತವ್ಯಗಳನ್ನೂ ಬರೆದಿಟ್ಟಿತು. ಒಳ್ಳೆಯ ಹೆಜ್ಜೆಯೇ. ಆದರೆ ಕಾಯ್ದೆ ಕುರ್ಚಿಯಲ್ಲಿ ಕೂರಿಸಬಲ್ಲುದೇ ಹೊರತು ಕುಳಿತವರ ಬಾಯಿ ತೆರೆಸಲಾರದು.

ಹಾಗಾದರೆ ಹೊಸದಾಗಿ ಉದ್ದಿಮೆ ಆರಂಭಿಸಿದವರು ಎಲ್ಲಿಂದ ತೊಡಗಬೇಕು? ಸಮಿತಿಗಳಿಂದಲ್ಲ. ಇಬ್ಬರು ಮೂವರು ಸೇರಿ ಕಂಪನಿ ಕಟ್ಟುವಾಗ, ಒಬ್ಬರು ಬಿಟ್ಟುಹೋದರೆ, ತೀರಿಕೊಂಡರೆ, ಅಥವಾ ಒಂದು ವಿಷಯದಲ್ಲಿ ಎರಡೂ ಕಡೆ ಸಮನಾಗಿ ನಿಂತು ತೀರ್ಮಾನವೇ ಆಗದಿದ್ದರೆ ಏನು ಮಾಡಬೇಕು ಎಂಬುದನ್ನು, ಸ್ನೇಹ ಇನ್ನೂ ಬೆಚ್ಚಗಿರುವಾಗಲೇ, ಷೇರುದಾರರ ಒಪ್ಪಂದದಲ್ಲಿ ಬರೆದಿಡುವುದು ಮೊದಲ ಕೆಲಸ. ಸಾಲ ತೆಗೆಯುವುದು, ಬೇರೆಯವರಿಗೆ ಜಾಮೀನು ನಿಲ್ಲುವುದು, ಆಸ್ತಿ ಮಾರುವುದು, ನಿರ್ದೇಶಕರ ಸಂಬಂಧಿಕರೊಡನೆ ಯಾವುದೇ ವ್ಯವಹಾರ ಮಾಡುವುದು, ನಿರ್ದೇಶಕರು ತಮಗೆ ತಾವೇ ಸಂಬಳ ಗೊತ್ತುಮಾಡಿಕೊಳ್ಳುವುದು ಇವು ಮಂಡಳಿಯ ಠರಾವಿಲ್ಲದೆ ಆಗಕೂಡದೆಂದೂ, ಉಳಿದ ಖರ್ಚಿನಲ್ಲಿ ಯಾರು ಎಷ್ಟು ಮೊತ್ತದವರೆಗೆ ಸಹಿ ಹಾಕಬಹುದೆಂದೂ ಒಂದೇ ಹಾಳೆಯಲ್ಲಿ ಬರೆಯಬಹುದು. ಸರಕಿಗೆ ಆರ್ಡರ್ ಕೊಟ್ಟವರೇ ಬಿಲ್ಲಿಗೆ ಹಣ ಕೊಡಬಾರದು. ಮನೆಯ ಖರ್ಚು ಮತ್ತು ಕಂಪನಿಯ ಖರ್ಚು ಒಂದೇ ಖಾತೆಯಿಂದ ಹೋಗಬಾರದು. ಇದನ್ನು ಹೇಳಬೇಕೇ ಎನ್ನಬಹುದು, ಆದರೆ ಹೊರಗಿನವರ ಹಣ ಕೇಳಲು ಹೋದಾಗ ಹೆಚ್ಚಿನ ಮಾಲೀಕರು ಸಿಕ್ಕಿಬೀಳುವುದು ಇಲ್ಲಿಯೇ. ಪ್ರತಿ ನಿರ್ದೇಶಕರಿಗೂ ಅವರ ಹತ್ತಿರದ ಬಂಧುಗಳಿಗೂ ಬೇರೆ ಯಾವ ಸಂಸ್ಥೆಗಳಲ್ಲಿ ಪಾಲಿದೆ ಎಂಬ ರಿಜಿಸ್ಟರನ್ನು ವರ್ಷಕ್ಕೊಮ್ಮೆಯಾದರೂ ಹೊಸದು ಮಾಡಬೇಕು. ಆ ಗೋದಾಮಿನ ಮಾಲೀಕ ಯಾರೆಂಬ ಪ್ರಶ್ನೆಗೆ ಉತ್ತರ ನಮ್ಮ ರಿಜಿಸ್ಟರಿನಲ್ಲಿ ಇರಬೇಕಾಗಿತ್ತು, ಇರಲಿಲ್ಲ.

ಹೊರಗಿನ ನಿರ್ದೇಶಕರನ್ನು ಕರೆಯುವ ಹಂತ ಬಂದಾಗ ಹೆಸರು ನೋಡಿ ಕರೆಯುವುದು ಸಾಮಾನ್ಯ ತಪ್ಪು. ಮಾಲೀಕರ ಹಳೆಯ ಗೆಳೆಯ, ಕಂಪನಿಗೆ ಸಾಮಾನು ಒದಗಿಸುವವರು, ಹತ್ತು ಮಂಡಳಿಗಳಲ್ಲಿ ಕುಳಿತು ಯಾವುದಕ್ಕೂ ಬಿಡುವಿಲ್ಲದ ಗಣ್ಯರು, ಈ ಮೂವರನ್ನು ಬಿಟ್ಟು ಹುಡುಕಿ ಎಂದು ನಾನು ಕೇಳಿದವರಿಗೆ ಹೇಳುತ್ತಿದ್ದೆ. ವ್ಯಾಪಾರದ ಒಳಹೊರಗು ಗೊತ್ತಿದ್ದು, ನಿರ್ದೇಶಕರಿಗೆ ಕೊಡುವ ಶುಲ್ಕ ಬಾರದಿದ್ದರೂ ಜೀವನ ನಡೆಯುವಂತಿದ್ದು, ಮಾಲೀಕರ ಮುಖ ನೋಡಿಯೇ ‘ಇದು ನನಗೆ ಅರ್ಥವಾಗಲಿಲ್ಲ’ ಎನ್ನುವ ಸಂಕೋಚವಿಲ್ಲದವರು ಒಬ್ಬರು ಸಿಕ್ಕರೂ ಸಾಕು.

ಅಂಥವರು ಸಿಕ್ಕ ಮೇಲೂ ಅವರ ಕೈಗೆ ಕಾಗದಗಳು ಯಾವಾಗ ಸೇರುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇನ್ನೂರು ಪುಟಗಳ ಕಡತವನ್ನು ಹಿಂದಿನ ರಾತ್ರಿ ಕಳುಹಿಸಿದರೆ ಓದಬೇಡಿ ಎಂದು ಹೇಳಿದಂತೆಯೇ. ಸಭೆಗೆ ಕನಿಷ್ಠ ಒಂದು ವಾರ ಮೊದಲು, ಪ್ರತಿ ಪ್ರಸ್ತಾವಕ್ಕೂ ಏನು ಕೇಳುತ್ತಿದ್ದೇವೆ, ಎಷ್ಟು ಹಣ, ಬೇರೆ ದಾರಿ ಏನಿತ್ತು, ಏನು ಕೆಡಬಹುದು, ಇದರಲ್ಲಿ ಯಾರಿಗಾದರೂ ಸ್ವಂತ ಆಸಕ್ತಿ ಇದೆಯೇ ಎಂಬ ಎರಡು ಪುಟಗಳ ಟಿಪ್ಪಣಿ ತಲುಪಬೇಕು. ಸ್ವಂತ ಆಸಕ್ತಿ ಇದ್ದವರು ಅದನ್ನು ಹೇಳಿ ಆ ವಿಷಯದ ಚರ್ಚೆಯ ಹೊತ್ತಿಗೆ ಹೊರಗೆ ಹೋಗಬೇಕು. ಹೋದರು ಎಂಬುದೂ ನಡಾವಳಿಯಲ್ಲಿ ಕಾಣಬೇಕು. ಸಭೆಯಲ್ಲಿ ಆಡಿದ ಪ್ರತಿ ಮಾತನ್ನೂ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಬರೆದರೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಆದರೆ ಕೇಳಿದ ಮುಖ್ಯ ಪ್ರಶ್ನೆ, ಬಂದ ಉತ್ತರ, ಉತ್ತರ ಸಿಗದಿದ್ದರೆ ಅದನ್ನು ತರಬೇಕಾದವರ ಹೆಸರು ಮತ್ತು ದಿನಾಂಕ, ಒಪ್ಪದವರಿದ್ದರೆ ಅವರ ಭಿನ್ನಾಭಿಪ್ರಾಯ, ಇವಿಷ್ಟು ಬಿಟ್ಟುಹೋಗಬಾರದು. ಮುಂದಿನ ಸಭೆ ಹಿಂದಿನ ಸಭೆಯ ಬಾಕಿ ಪ್ರಶ್ನೆಗಳಿಂದ ಆರಂಭವಾಗಬೇಕು. ಹಳೆಯ ಬಾಕಿ ವಸೂಲಾಗದೆ ಹೊಸ ಲೆಕ್ಕ ತೆರೆಯದ ಕಿರಾಣಿ ವ್ಯಾಪಾರಿಯ ಬುದ್ಧಿ ಇಲ್ಲಿಯೂ ಬೇಕು.

ಕಟ್ಟುವುದಕ್ಕಿಂತ ಕಾಪಾಡಿಕೊಳ್ಳುವುದು ಕಷ್ಟ. ನನ್ನ ಕಣ್ಣೆದುರೇ ಒಳ್ಳೆಯ ಮಂಡಳಿಗಳು ಮೊಂಡಾದದ್ದು ಜಗಳದಿಂದಲ್ಲ, ಲಾಭ ಏರುತ್ತಿದ್ದ ವರ್ಷಗಳಲ್ಲಿ. ಫಲಿತಾಂಶ ಚೆನ್ನಾಗಿರುವಾಗ ಪ್ರಶ್ನೆ ಕೇಳುವವರು ಅಪಶಕುನ ನುಡಿದಂತೆ ಕಾಣುತ್ತಾರೆ. ಒಂದೆರಡು ಸಲ ಹಾಗೆ ಕಂಡ ಮೇಲೆ ಅವರೇ ಸುಮ್ಮನಾಗುತ್ತಾರೆ. ಹತ್ತು ಹನ್ನೆರಡು ವರ್ಷ ಒಟ್ಟಿಗೆ ಕುಳಿತವರ ನಡುವೆ ಬೆಳೆಯುವ ದಾಕ್ಷಿಣ್ಯ ಇನ್ನೊಂದು ಕಾರಣ. ಹೊರಗಿನ ನಿರ್ದೇಶಕರೊಬ್ಬರು ಒಂಬತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಂಡಳಿಯಲ್ಲಿದ್ದರೆ ಅವರ ಸ್ವಾತಂತ್ರ್ಯದ ಬಗ್ಗೆ ಸಂದೇಹ ಏಳಬಹುದೆಂದು ಬ್ರಿಟನ್ನಿನ ಕಾರ್ಪೊರೇಟ್ ಆಡಳಿತ ಸಂಹಿತೆ ಎಣಿಸುವುದು ಈ ದಾಕ್ಷಿಣ್ಯವನ್ನು ಬಲ್ಲುದರಿಂದಲೇ. ಮಂಡಳಿಯ ಸ್ವಮೌಲ್ಯಮಾಪನಕ್ಕೆ ಈಗ ಉದ್ದುದ್ದ ಪ್ರಶ್ನಾವಳಿಗಳು ಬಂದಿವೆ, ಎಲ್ಲರೂ ಎಲ್ಲರಿಗೂ ಐದಕ್ಕೆ ನಾಲ್ಕೂವರೆ ಅಂಕ ಕೊಟ್ಟುಕೊಳ್ಳುತ್ತಾರೆ. ನನ್ನ ಪರೀಕ್ಷೆ ಇಷ್ಟೇ: ಕಳೆದ ಒಂದು ವರ್ಷದ ನಡಾವಳಿ ತೆಗೆದು ನೋಡಿ, ತಿದ್ದುಪಡಿಯಾದ, ಮುಂದೂಡಿದ ಅಥವಾ ತಿರಸ್ಕರಿಸಿದ ಪ್ರಸ್ತಾವ ಒಂದಾದರೂ ಇದೆಯೇ? ಒಂದೂ ಇಲ್ಲದಿದ್ದರೆ, ಒಂದೋ ಆ ಕಂಪನಿಯ ಅಧಿಕಾರಿಗಳು ಎಂದೂ ತಪ್ಪು ಮಾಡದವರು, ಇಲ್ಲವೇ ಮಂಡಳಿ ಓದುತ್ತಿಲ್ಲ.

ಆಂತರಿಕ ಲೆಕ್ಕಪರಿಶೋಧಕರು ಹಣಕಾಸು ಅಧಿಕಾರಿಗೆ ವರದಿ ಒಪ್ಪಿಸುವ ಪದ್ಧತಿ ಇನ್ನೂ ಅನೇಕ ಕಡೆ ಉಳಿದಿದೆ; ಯಾರ ಕೆಲಸವನ್ನು ಪರೀಕ್ಷಿಸಬೇಕೋ ಅವರೇ ಸಂಬಳ ಏರಿಸುವವರಾದರೆ ಪರೀಕ್ಷೆ ಹೇಗೆ ನಡೆದೀತು? ಅವರ ನೇಮಕ, ಸಂಬಳ, ವರ್ಗಾವಣೆ ಮಂಡಳಿಯ ಸಮಿತಿಯ ಕೈಯಲ್ಲಿರಬೇಕು, ಅಧಿಕಾರಿಗಳು ಇಲ್ಲದ ಹೊತ್ತಿನಲ್ಲಿ ಸಮಿತಿ ಅವರನ್ನು ಪ್ರತ್ಯೇಕವಾಗಿ ಕಂಡು ಮಾತಾಡಬೇಕು. ದೂರು ಕೊಡುವ ನೌಕರರ ವಿಷಯವೂ ಹೀಗೆಯೇ. ಎನ್ರಾನ್‌ನ ಶೆರನ್ ವಾಟ್ಕಿನ್ಸ್ 2001ರ ಆಗಸ್ಟ್‌ನಲ್ಲಿ ಲೆಕ್ಕದ ಅಕ್ರಮಗಳ ಬಗ್ಗೆ ಬರೆದ ಪತ್ರ ಹೋದದ್ದು ಅಧ್ಯಕ್ಷ ಕೆನೆತ್ ಲೇ ಅವರಿಗೆ. ತನಿಖೆ ಮಾಡಿದ್ದು ಕಂಪನಿಯ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿದ್ದ ವಕೀಲರ ಸಂಸ್ಥೆ. ಮರುವರ್ಷ ಅಮೆರಿಕದಲ್ಲಿ ಜಾರಿಗೆ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ, ಹೆಸರು ಹೇಳದೆಯೂ ನೌಕರರು ಕೊಡಬಹುದಾದ ದೂರು ಲೆಕ್ಕಪರಿಶೋಧನಾ ಸಮಿತಿಗೆ ತಲುಪುವ ದಾರಿ ಇರಬೇಕೆಂದು ವಿಧಿಸಿತು. ದೂರು ಪೆಟ್ಟಿಗೆ ತೂಗುಹಾಕುವುದು ಸುಲಭ. ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ನೌಕರರು ಮೊದಲ ದಿನವೇ ತಿಳಿದುಕೊಂಡಿರುತ್ತಾರೆ.

ಇಷ್ಟೆಲ್ಲ ಮಾಡಿದರೆ ಕೆಲಸ ನಿಧಾನವಾಗುತ್ತದೆ, ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪ ನನಗೆ ಹೊಸದಲ್ಲ, ಅದರಲ್ಲಿ ಅರ್ಧ ಸತ್ಯವೂ ಇದೆ. ಐದು ಜನರ ಕಂಪನಿಗೆ ನಾಲ್ಕು ಸಮಿತಿ ಕಟ್ಟುವುದು ವ್ಯರ್ಥ. ನಿಯಮ ಪಾಲನೆಯ ಹೆಸರಿನಲ್ಲಿ ಯಾರೂ ಓದದ ವರದಿಗಳನ್ನು ಅಚ್ಚು ಹಾಕಿಸುವುದನ್ನು ನಾನೇ ಬೇಕಾದಷ್ಟು ಮಾಡಿದ್ದೇನೆ. ಆದರೆ ಮೇಲೆ ಹೇಳಿದ ಒಪ್ಪಂದ, ಅಧಿಕಾರದ ಹಾಳೆ, ಆಸಕ್ತಿಗಳ ರಿಜಿಸ್ಟರು, ವರ್ಷಕ್ಕೆ ನಾಲ್ಕು ಸಭೆ, ನಿಜವಾದ ನಡಾವಳಿ ಇವುಗಳಿಗೆ ತಗಲುವ ಖರ್ಚು ಸ್ವಲ್ಪ ಕಾಗದ, ಸ್ವಲ್ಪ ಸಮಯ, ಮಾಲೀಕರ ಸ್ವಲ್ಪ ಸಹನೆ. ಮೂರನೆಯದೇ ದುಬಾರಿ ಎಂಬುದನ್ನು ಒಪ್ಪುತ್ತೇನೆ.

ಕೊನೆಯದಾಗಿ ನಿಮ್ಮ ಪತ್ರಿಕೆಗೆ ಒಂದು ಕೋರಿಕೆ. ಕಂಪನಿಗಳ ವಾರ್ಷಿಕ ವರದಿ ಬಂದಾಗ ಲಾಭ ಎಷ್ಟು ಏರಿತು, ಲಾಭಾಂಶ ಎಷ್ಟು ಎಂಬ ಸುದ್ದಿ ತಪ್ಪದೆ ಬರುತ್ತದೆ. ಅದೇ ವರದಿಯ ಹಿಂದಿನ ಪುಟಗಳಲ್ಲಿ ಯಾವ ನಿರ್ದೇಶಕರು ಎಷ್ಟು ಸಭೆಗೆ ಬಂದರು, ಸಂಬಂಧಿತರೊಡನೆ ಯಾವ ವ್ಯವಹಾರ ನಡೆಯಿತು, ಲೆಕ್ಕಪರಿಶೋಧಕರಿಗೆ ಪರಿಶೋಧನೆಗಲ್ಲದೆ ಬೇರೆ ಯಾವುದಕ್ಕೆ ಹಣ ಸಂದಾಯವಾಯಿತು ಎಂಬ ವಿವರಗಳೂ ಸಾಮಾನ್ಯವಾಗಿ ಇರುತ್ತವೆ. ಅವಧಿ ಮುಗಿಯುವ ಮೊದಲೇ ಲೆಕ್ಕಪರಿಶೋಧಕರು ರಾಜೀನಾಮೆ ಕೊಟ್ಟಿದ್ದರೆ ಅದೂ ಹುಡುಕಿದವರಿಗೆ ಸಿಗುತ್ತದೆ. ಲಾಭದ ಸುದ್ದಿಯ ಕೆಳಗೆ ಇವುಗಳ ಬಗ್ಗೆ ಎರಡು ಮೂರು ಸಾಲು ಸೇರಿಸಲು ನಿಮ್ಮ ವರದಿಗಾರರಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಂಪನಿ ಕಾರ್ಯದರ್ಶಿ